ಕೇಳಿ ನೋಡುವುದು

ಗಡಿಯಾರ ನಿಂತುಹೋದರೆ ಅದು ಕೆಟ್ಟಿತೆನ್ನುತ್ತೇವೆ. ನಲ್ಲಿ ಸೋರಿದರೆ ಅದೂ ಕೆಟ್ಟಿತೆನ್ನುತ್ತೇವೆ. ಈ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು. ಆದರೆ ಚೆನ್ನಾಗಿ ನಡೆಯುತ್ತಿರುವ ವಸ್ತುವೊಂದನ್ನು ಕೆಟ್ಟಿದೆಯೆಂದು ತಿಳಿದು, ಅದನ್ನು ಸರಿಪಡಿಸಲು ಹೋಗಿ ಕೆಡಿಸಿಬಿಟ್ಟವನನ್ನು ಏನೆನ್ನಬೇಕು? ಅವನ ಉದ್ದೇಶ ಒಳ್ಳೆಯದು. ಅವನ ತಿಳುವಳಿಕೆಯೂ ಅವನ ಮಟ್ಟಿಗೆ ಸರಿಯೇ. ಆದರೂ ಅವನ ಕೈಯಿಂದ ಇನ್ನೊಬ್ಬರಿಗೆ ಹಾನಿಯಾಯಿತು. ಅವನು ತಪ್ಪಿತಸ್ಥನೋ ಅಲ್ಲವೋ? ಇಂಥ ಪ್ರಶ್ನೆಯನ್ನು ತರಗತಿಯಲ್ಲಿ ವಿದ್ಯಾರ್ಥಿಗಳ ಮುಂದಿಟ್ಟು, ಗಂಟೆ ಬಾರಿಸುವವರೆಗೆ ಎರಡೂ ಕಡೆಯ ವಾದವನ್ನು ಕೇಳುತ್ತ ಕೂಡುವುದು ನನ್ನ ರೂಢಿ. ಈಗ ಆ ಪ್ರಶ್ನೆ ನನ್ನ ಮನೆಯ ಪಡಸಾಲೆಗೇ ಬಂದು ಕುಳಿತಿದೆ. ಏಕೆಂದರೆ ಆ ದುರಸ್ತಿಗಾರ ನಾನೇ.

ನನ್ನ ಮನೆ ಹಾವೇರಿಯಲ್ಲಿ, ಅಧ್ಯಾಪನ ರಾಣೆಬೆನ್ನೂರಿನಲ್ಲಿ. ದಿನವೂ ಬೆಳಗ್ಗೆ ಬಸ್ಸಿನ ಪ್ರಯಾಣ. ಒಂದು ದಿನ ಬಸ್ಸು ಮೋಟೆಬೆನ್ನೂರನ್ನು ದಾಟುವ ಹೊತ್ತಿಗೆ ಜೇಬಿನಲ್ಲಿದ್ದ ಮೊಬೈಲು ತಾನಾಗಿ ಮಾತಾಡತೊಡಗಿತು. ಯಾರದೋ ಕರೆ ಬಂದಿರಬೇಕೆಂದು ತೆಗೆದರೆ, ಕರೆಯಲ್ಲ, ಫೋನೇ ಮಾತಾಡುತ್ತಿದೆ! ಗಂಟೆಯೆಷ್ಟು, ಬ್ಯಾಟರಿಯೆಷ್ಟು ಉಳಿದಿದೆ ಎಂದು ಹೇಳಿತು. ಬೆರಳಿಟ್ಟಲ್ಲೆಲ್ಲ ಆ ಜಾಗದ ಹೆಸರನ್ನು ಉಚ್ಚರಿಸಿ, ತೆರೆಯಬೇಕಾದರೆ ಎರಡು ಸಲ ತಟ್ಟಬೇಕೆಂದು ಅಪ್ಪಣೆ ಮಾಡಿತು. ಎಂದಿನಂತೆ ಒಮ್ಮೆ ಒತ್ತಿದರೆ ಏನೂ ತೆರೆಯುವುದಿಲ್ಲ. ಒಂದು ಬೆರಳಿನಿಂದ ಸರಿಸಿದರೆ ಪುಟ ಸರಿಯುವುದಿಲ್ಲ. ಇಷ್ಟರಲ್ಲಿ ಸಾಲದ ಕಂತು ಬಾಕಿಯಿದೆಯೆಂದು ನನಗೆ ಬಂದ ಸಂದೇಶವೊಂದನ್ನು ಸ್ಪಷ್ಟವಾದ ಕನ್ನಡದಲ್ಲಿ, ಹಿಂದಿನ ಸೀಟಿನವರಿಗೂ ಕೇಳುವಂತೆ ಓದಿಬಿಟ್ಟಿತು. ‘ಸರ, ನಿಮ್ಮ ಫೋನಿಗೆ ದೆವ್ವ ಹೊಕ್ಕೈತ್ರಿ’ ಎಂದು ಪಕ್ಕದವರೊಬ್ಬರು ಕನಿಕರಪಟ್ಟರು. ಯಂತ್ರವೊಂದು ಕನ್ನಡ ಮಾತಾಡುವುದನ್ನು ಕೇಳಿ ಕನ್ನಡದ ಅಧ್ಯಾಪಕನು ಹಿಗ್ಗಬೇಕಾಗಿತ್ತು. ನಾನಾದರೋ ಅದರ ಬಾಯನ್ನು ಅಂಗೈಯಿಂದ ಮುಚ್ಚಿ ಹಿಡಿದುಕೊಂಡೇ ಊರು ಮುಟ್ಟಿದೆ.

ರಾಣೆಬೆನ್ನೂರಿನ ಬಸ್‌ನಿಲ್ದಾಣದ ಹತ್ತಿರದ ಮೊಬೈಲ್ ಅಂಗಡಿಯ ಹುಡುಗ ಫೋನನ್ನು ಕೈಗೆ ತೆಗೆದುಕೊಂಡು, ದನಿ ಏರಿಸುವ ಗುಂಡಿಯನ್ನೂ ಇಳಿಸುವ ಗುಂಡಿಯನ್ನೂ ಒಟ್ಟಿಗೆ ಮೂರು ಸೆಕೆಂಡು ಒತ್ತಿ ಹಿಡಿದ. ಫೋನು ಸುಮ್ಮನಾಯಿತು. ‘ಟಾಕ್‌ಬ್ಯಾಕ್ ಆನ್ ಆಗಿತ್ರಿ ಸರ. ಅದು ಕಣ್ಣಿಲ್ಲದವರಿಗೆ ಇರೂದು. ನಿಮಗ್ಯಾಕ ಬೇಕು?’ ಎಂದ. ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಆ ಎರಡು ಗುಂಡಿಗಳ ವಿದ್ಯೆಯನ್ನು ನಾನು ಅಂದೇ ಅಧ್ಯಾಪಕರ ಕೋಣೆಯಲ್ಲಿ ನಾಲ್ಕು ಜನಕ್ಕೆ ಹೇಳಿಕೊಟ್ಟು, ನನ್ನ ವಿದ್ವತ್ತಿನ ಬಗ್ಗೆ ತಕ್ಕಷ್ಟು ಸಂತೋಷಪಟ್ಟೆ.

ನಾನು ದೆವ್ವವೆಂದು ಬಗೆದ ಆ ದನಿಯ ಹಿಂದೆ ಬಹಳ ಜನರ ಶ್ರಮವಿದೆಯೆಂದು ಆಮೇಲೆ ಓದಿ ತಿಳಿದೆ. ಪುಣೆಯಲ್ಲಿ 1965ರಲ್ಲಿ ಹುಟ್ಟಿದ ಟಿ. ವಿ. ರಾಮನ್ ಅವರು 14ನೆಯ ವಯಸ್ಸಿಗೆ ದೃಷ್ಟಿಯನ್ನು ಕಳೆದುಕೊಂಡವರು. ಮುಂದೆ ಅಮೇರಿಕೆಯಲ್ಲಿ ಡಾಕ್ಟರೇಟ್ ಪಡೆದು, ಗೂಗಲ್ ಸಂಸ್ಥೆಯಲ್ಲಿ ಪರದೆಯನ್ನು ನೋಡದೆ ಫೋನನ್ನು ಬಳಸುವ ಮಾರ್ಗಗಳಿಗಾಗಿ ದುಡಿದ ಮೊದಲಿಗರಲ್ಲಿ ಒಬ್ಬರು. 2009ರಲ್ಲಿ ಆಂಡ್ರಾಯ್ಡ್ ಫೋನುಗಳಿಗೆ ಟಾಕ್‌ಬ್ಯಾಕ್ ಬಂದಿತು. ಅದೇ ವರ್ಷ ಐಫೋನಿಗೆ ವಾಯ್ಸ್‌ಓವರ್ ಬಂದಿತು. ಅದರ ವಿಧಾನ ಸರಳವಾದದ್ದು. ಒಂದು ಸಲ ಮುಟ್ಟಿದರೆ ಬೆರಳಿನ ಕೆಳಗೆ ಏನಿದೆಯೆಂದು ಹೇಳುತ್ತದೆ. ಎರಡು ಸಲ ತಟ್ಟಿದರೆ ಮಾತ್ರ ಕೆಲಸ ಮಾಡುತ್ತದೆ. ಎರಡು ಬೆರಳಿನಿಂದ ಸರಿಸಿದರೆ ಪುಟ ಸರಿಯುತ್ತದೆ. ಬಸ್ಸಿನಲ್ಲಿ ನನ್ನನ್ನು ಪೀಡಿಸಿದ ಆ ಎರಡು ಸಲದ ಕಟ್ಟಳೆ, ಕಾಣದವರು ಕೈತಪ್ಪಿ ಏನನ್ನಾದರೂ ಒತ್ತಿಬಿಡದಂತೆ ಇಟ್ಟ ರಕ್ಷಣೆ. ಪರದೆಯನ್ನು ಪೂರ್ತಿ ಕತ್ತಲೆ ಮಾಡಿಟ್ಟುಕೊಂಡೇ ಎಲ್ಲ ಕೆಲಸವನ್ನೂ ಮಾಡುವ ಏರ್ಪಾಡೂ ಅದರಲ್ಲಿದೆ. ಯಾವ ಫೋನು ನನ್ನ ಕಣ್ಣಿಗೆ ಸತ್ತಂತಿರುತ್ತದೆಯೋ ಅದು ಇನ್ನೊಬ್ಬರ ಕೈಯಲ್ಲಿ ಪೂರ್ಣ ಎಚ್ಚರವಾಗಿರಬಹುದು.

ಆದರೆ ಇದೆಲ್ಲ ತಿಳಿದದ್ದು ಆಮೇಲೆ. ಆ ವಾರದ ಭಾನುವಾರ ನಾನು ಬ್ಯಾಡಗಿಗೆ ಹೋದಾಗ ನನ್ನ ಬಳಿ ಇದ್ದದ್ದು ಎರಡು ಗುಂಡಿಗಳ ವಿದ್ಯೆ ಮಾತ್ರ.

ಬ್ಯಾಡಗಿ ನಮ್ಮ ಹಿರಿಯರ ಊರು. ಅಲ್ಲಿ ನನ್ನ ಕಾಕಾ ಇದ್ದಾರೆ. ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ 40 ವರ್ಷ ಗುಮಾಸ್ತಿಕೆ ಮಾಡಿದವರು. ಡಬ್ಬಿ ಯಾವುದು, ಕಡ್ಡಿ ಯಾವುದು, ಒಣಗಿದ್ದೆಷ್ಟು, ಒಳಗೆ ತೇವ ಉಳಿದದ್ದೆಷ್ಟು ಎಂಬುದನ್ನು ಚೀಲದೊಳಕ್ಕೆ ಕೈಯಿಟ್ಟೇ ಹೇಳುತ್ತಿದ್ದರು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಬಂದಾಗ, ‘ನಮ್ಮ ಕೈಗೆ ಗೊತ್ತಿದ್ದದ್ದು ಸರಕಾರಕ್ಕ ಈಗ ಗೊತ್ತಾತು’ ಎಂದು ನಕ್ಕಿದ್ದರು. ಗ್ಲಾಕೋಮದಿಂದ ಅವರ ದೃಷ್ಟಿ ಕುಂದುತ್ತಿದೆಯೆಂದು ಕೇಳಿದ್ದೆ. ಆದರೆ ವರ್ಷಕ್ಕೆ ಒಂದೆರಡು ಸಲ ನಾನು ಹೋದಾಗಲೆಲ್ಲ ಹೊಸ್ತಿಲು ದಾಟುವ ಮೊದಲೇ ‘ಬಾರಪಾ ತಮ್ಮಾ’ ಎಂದು ಕರೆಯುತ್ತಿದ್ದರು. ಕಣ್ಣು ಇನ್ನೂ ತಕ್ಕಮಟ್ಟಿಗೆ ಇದೆಯೆಂದು ನಾನು ತಿಳಿದಿದ್ದೆ. ಅವರು ಗುರುತಿಸುತ್ತಿದ್ದುದು ನನ್ನ ಮುಖವನ್ನಲ್ಲ, ಚಪ್ಪಲಿಯ ಸದ್ದನ್ನು ಎಂಬುದು ನನಗೆ ಹೊಳೆದಿರಲಿಲ್ಲ. ದೃಷ್ಟಿ ಪೂರ್ತಿಯಾಗಿ ಹೋಗಿ ಆಗಲೇ ಎರಡು ವರ್ಷವಾಗಿತ್ತು.

ಆ ಭಾನುವಾರ ಕಾಕಾ ಬಚ್ಚಲಿನಲ್ಲಿದ್ದರು, ಚಿಗವ್ವ ಅಡಿಗೆಯಲ್ಲಿ. ಪಡಸಾಲೆಯ ಮೇಜಿನ ಮೇಲಿದ್ದ ಕಾಕಾರ ಫೋನಿಗೆ ಏನೋ ಸಂದೇಶ ಬಂದು, ಅದು ಮಾತಾಡಿತು. ಅದೇ ದನಿ! ಓಣಿಯ ಹುಡುಗರು ಯಾರೋ ಆಡಿ ಕೆಡಿಸಿದ್ದಾರೆ, ಮುದುಕರು ಪಾಪ ಈ ಗಲಾಟೆಯನ್ನು ಸಹಿಸಿಕೊಂಡಿದ್ದಾರೆ ಎಂದುಕೊಂಡೆ. ಎರಡು ಗುಂಡಿಗಳನ್ನು ಒತ್ತಿದೆ, ಮೂರು ಸೆಕೆಂಡು, ಶಾಂತವಾಯಿತು. ಇಷ್ಟು ಸಣ್ಣ ಉಪಕಾರವನ್ನು ಹೇಳಿಕೊಳ್ಳುವುದೇಕೆಂದು ಸುಮ್ಮನಿದ್ದೆ. ಊಟ ಮಾಡಿ, ಸಂಜೆಯ ಬಸ್ಸಿಗೆ ಹಾವೇರಿಗೆ ಮರಳಿದೆ.

ತಿಂಗಳೊಪ್ಪತ್ತಿನ ಮೇಲೆ ಮತ್ತೆ ಹೋದಾಗ ಕಾಕಾ ತಾವಾಗಿಯೇ ಆ ಕಥೆ ಹೇಳಿದರು. ಬೆಂಗಳೂರಿನಲ್ಲಿ ಓದುವ ಮೊಮ್ಮಗ ದೀಪಾವಳಿಗೆ ಬಂದವನು ಫೋನಿಗೆ ಬಾಯಿ ಬರಿಸಿ ಹೋಗಿದ್ದನಂತೆ. ಅಂದಿನಿಂದ ಕಾಕಾ ತಾವೇ ಫೋನು ಹಚ್ಚುವುದು, ಪೇಟೆಯ ದರ ಕೇಳುವುದು, ಕ್ಯಾಮರಾದ ಮುಂದೆ ಹಿಡಿದ ನೋಟು ಎಷ್ಟರದೆಂದು ತಿಳಿಯುವುದು ಎಲ್ಲವನ್ನೂ ಕಲಿತಿದ್ದರು. ಈ ಕೊನೆಯದಕ್ಕೆ ರಿಸರ್ವ್ ಬ್ಯಾಂಕಿನವರು 2020ರ ಜನವರಿಯಲ್ಲಿ ‘ಮನಿ’ ಎಂಬ ಒಂದು ಉಪಾಯವನ್ನು ಹೊರತಂದಿದ್ದಾರೆ. ‘ಚೊಲೋ ನಡದಿತ್ತು. ಒಂದ ದಿನ ಯಾರೋ ಪುಣ್ಯಾತ್ಮ ಅದರ ಬಾಯಿ ಹೊಲದಬಿಟ್ಟ’ ಎಂದರು. ಅದು ಹೀಗೆ ಬಂದಾಗಬಹುದೆಂಬುದನ್ನೂ, ಅದೇ ಎರಡು ಗುಂಡಿಗಳಿಂದ ಮತ್ತೆ ತೆರೆಯಬಹುದೆಂಬುದನ್ನೂ ಮೊಮ್ಮಗ ಹೇಳಿರಲಿಲ್ಲ. ಎಂದಿನಂತೆ ಬೆರಳಾಡಿಸಿದರೆ ಮುಟ್ಟಿದ್ದೆಲ್ಲ ತೆರೆದುಕೊಂಡು, ರಾತ್ರಿ ಹತ್ತು ಗಂಟೆಗೆ ಹಳೆಯ ಸಾವಕಾರರಿಗೆ ಕರೆ ಹೋಯಿತು. ಪಕ್ಕದ ಮನೆಯ ಹುಡುಗನಿಗೆ ತೋರಿಸಿದರೆ, ತಿರುಗಿಸಿ ಮುರುಗಿಸಿ ನೋಡಿ, ‘ಫೋನು ಸರಿಯಾಗೇ ಐತಲ್ಲಜ್ಜಾ’ ಎಂದನಂತೆ. ಅವನ ಮಾತೂ ಸುಳ್ಳಲ್ಲ. ಅವನ ಮಟ್ಟಿಗೆ ಅದು ಸರಿಯಾಗಿಯೇ ಇತ್ತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನೂ ನಕ್ಕು ಮರೆಯಬಹುದಾಗಿತ್ತು. ಆ ವಾರದ ನಡುವೆ 5ನೆಯ ತಾರೀಖು ಬಂದಿತು. ಅಂಗಡಿಯಲ್ಲಿ ಕಾಕಾರ ಜೊತೆಗೆ ಬಹಳ ವರ್ಷ ದುಡಿದ ಹಮಾಲರೊಬ್ಬರು ತೀರಿಕೊಂಡ ಮೇಲೆ, ಅವರ ಹೆಂಡತಿಗೆ ಕಾಕಾ ಪ್ರತಿ ತಿಂಗಳೂ ಆ ದಿನ 500 ರೂಪಾಯಿ ಮುಟ್ಟಿಸುತ್ತಿದ್ದರು. ಕಣ್ಣಿದ್ದಾಗ ತಾವೇ ಹೋಗಿ ಕೊಟ್ಟು ಬರುತ್ತಿದ್ದರು. ಕಣ್ಣು ಹೋದ ಮೇಲೆ ಕೆಲಕಾಲ ಚಿಗವ್ವ. ಫೋನು ಮಾತಾಡಲು ಕಲಿತ ಮೇಲೆ ತಮ್ಮ ಬೆರಳಿನಿಂದಲೇ ಕಳುಹಿಸುತ್ತಿದ್ದರು. ಕಾಕಾ, ಚಿಗವ್ವ, ಆ ಹೆಣ್ಣುಮಗಳು – ಈ ಮೂವರ ಹೊರತು ನಾಲ್ಕನೆಯವರಿಗೆ ಅದು ತಿಳಿದಿರಲಿಲ್ಲ. ಆ ತಿಂಗಳು ಚಿಗವ್ವನಿಗೆ ಮೊಣಕಾಲು ನೋವು, ಮೊಮ್ಮಗನಿಗೆ ಪರೀಕ್ಷೆ. ತಪ್ಪಿಸಲು ಮನಸ್ಸಾಗದೆ ಕಾಕಾ ಪಕ್ಕದ ಮನೆಯ ಹುಡುಗನ ಕೈಗೆ ಫೋನು ಕೊಟ್ಟು, ಆಕೆಯ ಹೆಸರು ಹೇಳಿ, ತಮ್ಮ ಗುಪ್ತ ಸಂಖ್ಯೆಯನ್ನೂ ಹೇಳಿ ಹಣ ಕಳುಹಿಸಿದರು. ಹುಡುಗ ಪ್ರಾಮಾಣಿಕ, ಒಂದು ಪೈಸೆ ಮುಟ್ಟಲಿಲ್ಲ. ಮನೆಯಲ್ಲಿ ಅಜ್ಜನ ಔದಾರ್ಯವನ್ನು ಹೊಗಳಿದ, ಅಷ್ಟೇ. ಹೊಗಳಿಕೆ ಓಣಿಯ ತುಂಬ ಹಬ್ಬಿತು; ಹಬ್ಬುತ್ತ ಹಬ್ಬುತ್ತ ಅದಕ್ಕೆ ಬೇರೆ ಬಣ್ಣವೂ ಬಂದಿತು. ಮುಂದಿನ ತಿಂಗಳು ಆಕೆ ಹಣವನ್ನು ಬೇರೊಬ್ಬರ ಕೈಯಲ್ಲಿ ತಿರುಗಿ ಕಳುಹಿಸಿ, ಇನ್ನು ಬೇಡವೆಂದು ಹೇಳಿಸಿದರು.

‘ಮೊಮ್ಮಗ ಚಿಗವ್ವನ ಸಣ್ಣ ಫೋನಿಗೆ ಮಾತಾಡಿ ಗುಂಡಿ ಗುಟ್ಟು ಹೇಳಿದ. ಫೋನಿಗೆ ತಿರುಗಿ ಬಾಯಿ ಬಂತು. ಆಕೀನ ಮನಸ್ಸು ತಿರುಗಿ ಬರಲಿಲ್ಲ’ ಎಂದು ಕಾಕಾ ಮಾತು ಮುಗಿಸಿದರು. ನಾನು ಚಹದ ಬಟ್ಟಲನ್ನು ಹಿಡಿದುಕೊಂಡು ಕುಳಿತಿದ್ದೆ. ಬಾಯಿ ಬಿಡಲಿಲ್ಲ. ಹೇಳಿ ಬರುತ್ತೇನೆಂದು ಎದ್ದು ಬಸ್‌ನಿಲ್ದಾಣದ ಕಡೆಗೆ ನಡೆದೆ.

ದಾರಿಯಲ್ಲಿ ಮನಸ್ಸು ನನ್ನ ಪರವಾಗಿ ಚೆನ್ನಾಗಿ ವಕಾಲತ್ತು ಮಾಡಿತು. ನನಗೆ ತಿಳಿದಿರಲಿಲ್ಲ, ನಾನು ಕೆಡುಕು ಬಯಸಲಿಲ್ಲ, ಒಂದು ಗುಂಡಿಯನ್ನು ಒತ್ತಿದ್ದಕ್ಕೂ ಒಬ್ಬ ಹೆಣ್ಣುಮಗಳು ಹಣ ತಿರಸ್ಕರಿಸಿದ್ದಕ್ಕೂ ನಡುವೆ ಎಷ್ಟೊಂದು ಕೊಂಡಿಗಳು! ಹುಡುಗನ ಬಾಯಿ, ಓಣಿಯ ನಾಲಿಗೆ, ಮೊಮ್ಮಗನ ಮರೆವು – ತಪ್ಪನ್ನು ಹಂಚಿದರೆ ನನ್ನ ಪಾಲಿಗೆ ಬರುವುದು ಬಹಳ ಕಡಿಮೆ. ವಾದ ಬಲವಾಗಿಯೇ ಇತ್ತು. ಆದರೆ ಇಷ್ಟು ಒಳ್ಳೆಯ ವಾದವಿದ್ದವನು ಅದನ್ನು ಕಾಕಾರ ಎದುರಿಗೆ ಹೇಳದೆ ಬಸ್‌ನಿಲ್ದಾಣಕ್ಕೆ ಏಕೆ ಓಡುತ್ತಿದ್ದಾನೆ? ಓಣಿಯ ತಿರುವಿನಿಂದ ಹಿಂದಕ್ಕೆ ಹೋದೆ. ಕಾಕಾ ಅಲ್ಲೇ ಕುಳಿತಿದ್ದರು. ‘ಏನ ಮರತ ಹೋಗಿದ್ದೆಪಾ?’ ಎಂದರು. ಹೇಳಿದೆ.

‘ಅವತ್ತ ಪಡಸಾಲ್ಯಾಗ ನಿನ್ನ ಬಿಟ್ಟ ಯಾರೂ ಇರಲಿಲ್ಲೋ ತಮ್ಮಾ’ ಎಂದರು ಕಾಕಾ. ಅಂದರೆ ಅವರಿಗೆ ಮೊದಲೇ ತಿಳಿದಿತ್ತು! ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬಂದ ಮಾಡಿದ್ದಕ್ಕ ನನಗ ಸಿಟ್ಟಿಲ್ಲ. ಒಂದ ಕೂಗು ಹಾಕಿ ಕೇಳಬೇಕಿಲ್ಲೇನು? ನಾ ಬಚ್ಚಲದಾಗ ಇದ್ದೆ, ಊರು ಬಿಟ್ಟು ಹೋಗಿರಲಿಲ್ಲ’ ಎಂದರು.

ನಮ್ಮ ಭಾಷೆಯನ್ನು 20 ವರ್ಷಗಳಿಂದ ಪಾಠ ಹೇಳುತ್ತಿರುವ ನಾನು ಅಂದು ರಾತ್ರಿ ಹಾವೇರಿಯ ಮನೆಯಲ್ಲಿ ಅದರ ಒಂದು ಸಾಮಾನ್ಯ ಪ್ರಯೋಗವನ್ನು ಕುರಿತು ಯೋಚಿಸುತ್ತ ಕುಳಿತೆ. ಕನ್ನಡಿಗರು ಮುಟ್ಟಿ ನೋಡುತ್ತಾರೆ, ಮೂಸಿ ನೋಡುತ್ತಾರೆ, ತಿಂದು ನೋಡುತ್ತಾರೆ, ಕೇಳಿ ನೋಡುತ್ತಾರೆ. ನೋಡುವ ಕೆಲಸವನ್ನು ಕಣ್ಣೊಂದಕ್ಕೇ ಗುತ್ತಿಗೆ ಕೊಡದಿರುವಷ್ಟು ಉದಾರವಾಗಿದೆ ನಮ್ಮ ಮಾತು. ಕಾಕಾ ಮೆಣಸಿನಕಾಯಿಯನ್ನು ಮುಟ್ಟಿ ನೋಡುತ್ತಿದ್ದರು. ಈಗ ಫೋನನ್ನು ಕೇಳಿ ನೋಡುತ್ತಿದ್ದಾರೆ. ಅಲ್ಲದೆ ‘ಕೇಳು’ ಎಂಬುದಕ್ಕೆ ಎರಡು ಅರ್ಥ: ಕಿವಿಯಿಂದ ಆಲಿಸುವುದು ಒಂದು, ಬಾಯಿಂದ ಪ್ರಶ್ನಿಸುವುದು ಇನ್ನೊಂದು. ಅವರು ಮೊದಲನೆಯ ಅರ್ಥದಲ್ಲಿ ಕೇಳಿ ನೋಡುತ್ತಿದ್ದರು. ನಾನು ಎರಡನೆಯ ಅರ್ಥದಲ್ಲಿ ಕೇಳಿ ನೋಡಬೇಕಾಗಿತ್ತು. ನಾನು ಬರಿಯ ಕಣ್ಣಿನಿಂದ ನೋಡಿದೆ. ಅದರಿಂದ ಏನೂ ಕಾಣಲಿಲ್ಲ.

ಕಣ್ಣಿದ್ದವರ ಈ ದೋಷ ಹೊಸದಲ್ಲ. 1809ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, ಮೂರನೆಯ ವಯಸ್ಸಿನಲ್ಲಿ ತಂದೆಯ ಚರ್ಮದ ಕೆಲಸದ ದಬ್ಬಳ ತಗುಲಿ ಕಣ್ಣು ಕಳೆದುಕೊಂಡ ಲೂಯಿ ಬ್ರೈಲ್ ತನ್ನ 15ನೆಯ ವಯಸ್ಸಿನಲ್ಲಿ ಆರು ಚುಕ್ಕೆಗಳ ಲಿಪಿಯನ್ನು ರೂಪಿಸಿದ. ಪ್ಯಾರಿಸಿನಲ್ಲಿ ಅವನು ಕಲಿತು ಕಲಿಸುತ್ತಿದ್ದ ಅಂಧರ ಶಾಲೆಯ ಮುಖ್ಯಸ್ಥರೇ 1840ರ ಬಳಿಕ ಕೆಲವು ವರ್ಷ ಆ ಲಿಪಿಗೆ ನಿಷೇಧ ಹಾಕಿದರು. ಅವರು ದುಷ್ಟರೇನಲ್ಲ, ಕಣ್ಣಿದ್ದವರು ಓದಲಾಗದ ಲಿಪಿ ವಿದ್ಯಾರ್ಥಿಗಳನ್ನು ಲೋಕದಿಂದ ಬೇರ್ಪಡಿಸುತ್ತದೆಂಬ ಹಿತಚಿಂತನೆ ಇಂಥವರದು. ತಮಗೆ ಅರ್ಥವಾಗದ್ದು ಇತರರಿಗೂ ಹಿತವಲ್ಲವೆಂದು ಅವರು ಬಗೆದರು. ಹುಡುಗರು ಕದ್ದು ಮುಚ್ಚಿ ಅದರಲ್ಲೇ ಬರೆಯುತ್ತಿದ್ದರು. ಶಾಲೆ ಅದನ್ನು ವಿಧಿಪೂರ್ವಕವಾಗಿ ಸ್ವೀಕರಿಸಿದ್ದು 1854ರಲ್ಲಿ. ಬ್ರೈಲ್ ತೀರಿಕೊಂಡು ಎರಡು ವರ್ಷವಾಗಿತ್ತು.

ದೂರದ ಫ್ರಾನ್ಸಿನವರೆಗೆ ಹೋಗಬೇಕಾಗಿಯೂ ಇಲ್ಲ. ಈಗ ನಮ್ಮ ಹಾವೇರಿ ಜಿಲ್ಲೆಗೆ ಸೇರಿದ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದವರು ಪಂಚಾಕ್ಷರ ಗವಾಯಿಗಳು. ಅವರಿಗೂ ಅವರ ಅಣ್ಣನಿಗೂ ಹುಟ್ಟಿನಿಂದ ದೃಷ್ಟಿಯಿರಲಿಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳು ಆ ಹುಡುಗರಲ್ಲಿ ಇಲ್ಲದ ಕಣ್ಣನ್ನು ಎಣಿಸಲಿಲ್ಲ. ಇದ್ದ ಕಂಠವನ್ನು ಆಲಿಸಿ ಸಂಗೀತ ಕಲಿಯುವ ವ್ಯವಸ್ಥೆ ಮಾಡಿದರು. ಅದರ ಫಲ ಗದುಗಿನ ವೀರೇಶ್ವರ ಪುಣ್ಯಾಶ್ರಮ. 1944ರಲ್ಲಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದ ಮೇಲೆ, ಹಸುಗೂಸಿನಲ್ಲೇ ಕಣ್ಣು ಕಳೆದುಕೊಂಡಿದ್ದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನು ನಡೆಸಿದರು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ, ಅಂಗಡಿಗಳಲ್ಲಿ ಅವರ ಪಟವಿದೆ. ಕಾಕಾರ ಪಡಸಾಲೆಯಲ್ಲೂ ಇದೆ. ನಾನು ಆ ಪಟದ ಕೆಳಗೇ ನಿಂತು ಎರಡು ಗುಂಡಿಗಳನ್ನು ಒತ್ತಿದ್ದು.

ಇಲ್ಲಿ ಓದುಗರು ಒಂದು ಆಕ್ಷೇಪವನ್ನು ಎತ್ತಬಹುದು. ನನ್ನ ಫೋನಿನಲ್ಲಿ ನನಗೆ ಬೇಡವಾದ ದನಿಯನ್ನು ನಿಲ್ಲಿಸುವುದೂ ತಪ್ಪೇ? ಖಂಡಿತವಾಗಿಯೂ ಅಲ್ಲ. ಅದಕ್ಕಾಗಿ ಯಾರೂ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಗಿಲ್ಲ. ತುಂಬಿದ ಬಸ್ಸಿನಲ್ಲಿ ಒಬ್ಬರ ಫೋನು ದೊಡ್ಡದಾಗಿ ಓದುತ್ತಿದ್ದರೆ ಉಳಿದವರಿಗೆ ತೊಂದರೆಯಾಗುವುದೂ ನಿಜ. ಅದಕ್ಕೆ ಕಿವಿಗೆ ಹಾಕಿಕೊಳ್ಳುವ ಇಯರ್‌ಫೋನ್ ಇದೆ, ಮತ್ತು ತನ್ನ ಬ್ಯಾಂಕಿನ ಸಂದೇಶ ಬಸ್ಸಿಗೆಲ್ಲ ಕೇಳಲಿ ಎಂದು ಕಾಣದವರೂ ಬಯಸುವುದಿಲ್ಲ. ಪ್ರಶ್ನೆ ಇರುವುದು ಬೇರೆ ಕಡೆ. ನನಗೆ ಬೇಡವಾದದ್ದು ಎಲ್ಲರಿಗೂ ಬೇಡವೆಂದು, ನನ್ನ ಕಣ್ಣಿಗೆ ಸರಿಯೆನಿಸಿದ್ದೇ ಸ್ವಸ್ಥ ಸ್ಥಿತಿಯೆಂದು ತಿಳಿದು ಇನ್ನೊಬ್ಬರ ವಸ್ತುವಿನ ಮೇಲೆ ಕೈ ಮಾಡುವುದಿದೆಯಲ್ಲ, ಅಲ್ಲಿ. 2011ರ ಜನಗಣತಿಯ ಪ್ರಕಾರ ದೃಷ್ಟಿದೋಷವುಳ್ಳವರು ನಮ್ಮ ದೇಶದಲ್ಲಿ ಸುಮಾರು 50 ಲಕ್ಷ. ಆದರೂ ಖಾತೆ ತೆರೆಯಬೇಕಾದರೆ ಕ್ಯಾಮರಾದ ಮುಂದೆ ಕಣ್ಣು ಮಿಟುಕಿಸಬೇಕೆಂಬ ನಿಯಮವನ್ನು ಮಾಡುವಾಗ ಯಾರಿಗೂ ಅವರ ನೆನಪಾಗಲಿಲ್ಲ. ಆಸಿಡ್ ದಾಳಿಗೆ ತುತ್ತಾದವರೂ ದೃಷ್ಟಿಯಿಲ್ಲದವರೂ ಮೊರೆಯಿಟ್ಟ ಮೇಲೆ, 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು ಇಂಥ ಸೌಕರ್ಯಗಳು ಎಲ್ಲರಿಗೂ ಎಟುಕುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ತೀರ್ಪು ಕೊಟ್ಟಿತು. ಆ ನಿಯಮವನ್ನು ಮಾಡಿದವರೂ ನನ್ನಂತೆಯೇ ಒಳ್ಳೆಯವರಿರಬೇಕು. ಕೇಳಿ ನೋಡಿರಲಿಲ್ಲ, ಅಷ್ಟೇ.

ಹಾಗಾದರೆ ಮೊದಲು ಎತ್ತಿದ ಪ್ರಶ್ನೆಗೆ ಉತ್ತರವೇನು? ಒಳ್ಳೆಯ ಉದ್ದೇಶವಿದ್ದು, ತಿಳಿಯದೆ ಕೆಡಿಸಿದವನು ತಪ್ಪಿತಸ್ಥನೆ? ಇದಕ್ಕೆ ನಮ್ಮ ಕಾನೂನು ಪುಸ್ತಕದಲ್ಲಿ ಒಂದು ಸೂಕ್ಷ್ಮವಾದ ಮಾತಿದೆ. ತಕ್ಕ ಎಚ್ಚರಿಕೆಯೂ ಗಮನವೂ ಇಲ್ಲದೆ ಮಾಡಿದ್ದನ್ನು ಸದ್ಭಾವನೆಯಿಂದ ಮಾಡಿದ್ದೆಂದು ಹೇಳಲಾಗದು ಎಂಬುದು ಅದರ ತಾತ್ಪರ್ಯ. 1860ರ ದಂಡಸಂಹಿತೆಯಲ್ಲಿದ್ದ ಈ ವ್ಯಾಖ್ಯೆಯನ್ನು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಉಳಿಸಿಕೊಂಡಿದೆ. ಸದ್ಭಾವನೆ ಮನಸ್ಸಿನಲ್ಲಿ ಇದ್ದರೆ ಸಾಲದು. ಅದು ವಿಚಾರಿಸುವ ಶ್ರಮವನ್ನೂ ತೆಗೆದುಕೊಳ್ಳಬೇಕು. ತಿಳಿಯದಿರುವುದರಲ್ಲಿಯೂ ಎರಡು ಬಗೆ. ಎಷ್ಟು ಹುಡುಕಿದರೂ ತಿಳಿಯದಂಥದು ಒಂದು. ಅದಕ್ಕೆ ಯಾರೂ ಹೊಣೆಯಲ್ಲ. ಬಚ್ಚಲಿನ ಕಡೆಗೆ ಒಂದು ಕೂಗು ಹಾಕಿದ್ದರೆ ತೀರಿಹೋಗುವಂಥದು ಇನ್ನೊಂದು. ನನ್ನದು ಎರಡನೆಯದು. ಹಂಚಿದ ಮೇಲೆ ನನ್ನ ಪಾಲಿನ ತಪ್ಪು ಕಡಿಮೆಯಿರಬಹುದು. ಆದರೆ ಎಲ್ಲರಿಗಿಂತ ಸುಲಭವಾಗಿ ತಪ್ಪಿಸಬಹುದಾಗಿದ್ದುದು ನನ್ನ ಪಾಲೇ.

ಇದನ್ನು ಬರೆಯುವ ಮೊದಲು ಕಾಕಾರನ್ನು ಕೇಳಿದೆ. ‘ನನ್ನ ಸಂಗತಿ ಬರಿ, ಅಡ್ಡಿಯಿಲ್ಲ. ಆದರ ಆಕೀನ್ನೂ ಒಂದ ಮಾತ ಕೇಳಬೇಕು’ ಎಂದರು. ಚಿಗವ್ವ ಹೋಗಿ ಕೇಳಿ ಬಂದಳು. ಹೆಸರೂ ಓಣಿಯೂ ಇಲ್ಲದಿದ್ದರೆ ಆಗಲಿ, ಇಂಥದು ಮತ್ತೊಂದು ಮನೆಯಲ್ಲಿ ಆಗದಿರಲಿ ಎಂದರಂತೆ. ಇದ್ದ ಮಾತೆಲ್ಲ ಮುಗಿದು ಚಿಗವ್ವ ಏಳುವಾಗ ಬಾಗಿಲವರೆಗೆ ಬಂದು ಕಾಕಾರ ಆರೋಗ್ಯವನ್ನೂ ವಿಚಾರಿಸಿದರಂತೆ. 500 ರೂಪಾಯಿಯ ಮಾತನ್ನು ಮಾತ್ರ ಆಕೆ ಎತ್ತಲಿಲ್ಲ; ಚಿಗವ್ವನೂ ಎತ್ತಲಿಲ್ಲ.